ಹಣ ಮಗುವಿನ ಜೊತೆ ಮನೆಗೂ ಬರಲಿ

ಎಲ್ಲರಿಗೂ ನಮಸ್ಕಾರ.

ತೀವ್ರ ಕಾಯಿಲೆಯ ಪುಟ್ಟ ಮಗುವೊಂದನ್ನು ಆಸ್ಪತ್ರೆಯಿಂದ ಮನೆಗೆ ಕಳಿಸುತ್ತಾರೆ ಅಂತಿಟ್ಟುಕೊಳ್ಳಿ. ಗಂಟಲಲ್ಲಿ ಉಸಿರಾಟದ ನಳಿಕೆ ಇದೆ. ಹೊಟ್ಟೆಗೆ ನೇರವಾಗಿ ಆಹಾರ ಕೊಡುವ ಟ್ಯೂಬ್ ಇದೆ. ಆಸ್ಪತ್ರೆಯಲ್ಲಿ ಇದನ್ನೆಲ್ಲ ನರ್ಸ್‌ಗಳು ಪಾಳಿಯ ಮೇಲೆ ನೋಡಿಕೊಳ್ಳುತ್ತಿದ್ದರು. ಮನೆಯಲ್ಲಿ ಅದೇ ಕೆಲಸ ಅಪ್ಪ ಅಮ್ಮನ ಪಾಲಿಗೆ ಬರುತ್ತದೆ. ಅವರಿಗೆ ಪಾಳಿ ಬದಲಾಗುವುದೇ ಇಲ್ಲ.

ಹಗಲು ಹೇಗೋ ಕಳೆಯುತ್ತದೆ, ಜಾಸ್ತಿ ಕಷ್ಟ ರಾತ್ರಿಯದು. ಕಫ ಕಟ್ಟಿದರೆ ನಳಿಕೆ ಮುಚ್ಚಿಕೊಳ್ಳುತ್ತದೆ, ಸಕ್ಷನ್ ಮಾಡಿ, ಅಂದರೆ ಯಂತ್ರದಿಂದ ಹೀರಿ ತೆಗೆಯಬೇಕು. ನಳಿಕೆಯೇ ಹೊರಬಂದರೆ ತಕ್ಷಣ ಇನ್ನೊಂದನ್ನು ಹಾಕಬೇಕು. ನಡುರಾತ್ರಿ ಫಿಟ್ಸ್ ಬರಬಹುದು. ಯಾರಾದರೂ ಒಬ್ಬರು ಎಚ್ಚರ ಇರಲೇಬೇಕು, ಅದೂ ತಿಂಗಳುಗಟ್ಟಲೆ, ವರ್ಷಗಟ್ಟಲೆ. ಎಷ್ಟೇ ಪ್ರೀತಿ ಇದ್ದರೂ ನಿದ್ದೆಗೆಟ್ಟವರು ಔಷಧಿಯ ಅಳತೆ ತಪ್ಪಬಹುದು. ಇಬ್ಬರಲ್ಲಿ ಒಬ್ಬರು ಕೆಲಸ ಬಿಡುತ್ತಾರೆ. ಇನ್ನೊಂದು ಮಗು ಇದ್ದರೆ ಅದನ್ನು ನೋಡುವವರು ಯಾರು?

ರಾತ್ರಿ ಬರುವ ನರ್ಸ್‌ಗೆ ಸರ್ಕಾರ ಸಂಬಳ ಕೊಡಬೇಕು ಅನ್ನುವುದು ನನ್ನ ವಾದ. ಇದೇ ಮಗು ಸರ್ಕಾರಿ ಖರ್ಚಿನಲ್ಲಿ ಐಸಿಯುನಲ್ಲಿದ್ದರೆ ಯಾರೂ ಪ್ರಶ್ನೆ ಕೇಳುವುದಿಲ್ಲ, ಅಲ್ವಾ? ಮನೆಗೆ ಬಂದ ಕೂಡಲೇ ಹಣ ಯಾಕೆ ನಿಲ್ಲಬೇಕು?

ಅಮೆರಿಕದಲ್ಲಿ ಹೀಗೇ ಆಯಿತು. 1978ರಲ್ಲಿ ಹುಟ್ಟಿದ ಕೇಟಿ ಬೆಕೆಟ್ ಎಂಬ ಮಗುವಿಗೆ ಕೆಲವೇ ತಿಂಗಳಲ್ಲಿ ಮೆದುಳಿನ ಉರಿಯೂತ ಬಂತು. ಉಸಿರಾಡಲು ವೆಂಟಿಲೇಟರ್ ಬೇಕಾಯಿತು. ಮುಂದೆ ಮನೆಯಲ್ಲೇ ನೋಡಿಕೊಳ್ಳುವ ಸ್ಥಿತಿಗೆ ಬಂದಳು. ಆದರೆ ಮನೆಗೆ ಹೋದರೆ ಹೆತ್ತವರ ಆದಾಯ ಲೆಕ್ಕಕ್ಕೆ ಬಂದು ಮೆಡಿಕೇಡ್, ಅಂದರೆ ಕಡಿಮೆ ಆದಾಯದವರ ಚಿಕಿತ್ಸೆಗೆ ಅಲ್ಲಿನ ಸರ್ಕಾರ ಕೊಡುವ ನೆರವು, ತಪ್ಪುತ್ತಿತ್ತು. ಮನೆ ಆರೈಕೆಗೆ ಆಸ್ಪತ್ರೆಗಿಂತ ಎಷ್ಟೋ ಕಡಿಮೆ ಖರ್ಚಾಗುತ್ತಿದ್ದರೂ ನಿಯಮ ಅವಳನ್ನು ಅಲ್ಲೇ ಹಿಡಿದಿಟ್ಟಿತು. 1981ರಲ್ಲಿ ಅಧ್ಯಕ್ಷ ರೇಗನ್ ಪತ್ರಿಕಾಗೋಷ್ಠಿಯಲ್ಲೇ ಇದನ್ನು ಎತ್ತಿದರು. 1982ರ ಕಾನೂನು, ಇಂಥ ಮಕ್ಕಳಿಗೆ ಮನೆಯಲ್ಲೂ ನೆರವು ಕೊಡುವ ಅವಕಾಶವನ್ನು ರಾಜ್ಯಗಳಿಗೆ ಒದಗಿಸಿತು. ಕೇಟಿ ಮನೆಯಲ್ಲಿ ಬೆಳೆದಳು, ಕಾಲೇಜು ಮುಗಿಸಿದಳು. ತೀರಿಕೊಂಡಾಗ ಅವಳಿಗೆ 34 ವರ್ಷ.

ಆದರೆ ಉಳಿತಾಯದ ಲೆಕ್ಕವೊಂದನ್ನೇ ನೆಚ್ಚಿಕೊಳ್ಳಬಾರದು. ಹಗಲೂ ರಾತ್ರಿ ನರ್ಸ್ ಬೇಕಾದ ಮಗುವಿಗೆ ಮನೆಯಲ್ಲೂ ಖರ್ಚು ದೊಡ್ಡದೇ. ಆಗಲೂ ಕೊಡಬೇಕು. ಆಯುಸ್ಸು ಕಡಿಮೆ ಇರುವ ಮಗು ಆ ದಿನಗಳನ್ನು ಅಮ್ಮನ ಪಕ್ಕದಲ್ಲಿ ಕಳೆಯುವುದಕ್ಕೂ ಬೆಲೆ ಇದೆ.

ಇಂಥ ನೆರವಿನ ಯೋಜನೆ ಬಂದರೆ ಅದರ ನಿಯಮಗಳು ಮಗುವಿನ ಅಗತ್ಯವನ್ನು ನೋಡಲಿ. ಕಾಯಿಲೆಯ ಹೆಸರಿಗೆ ಜೋತುಬೀಳುವುದು ಬೇಡ. ಎಷ್ಟೋ ಅಪರೂಪದ ಕಾಯಿಲೆಗಳು ಪತ್ತೆಯಾಗಲು ವರ್ಷಗಳೇ ಬೇಕು, ಅಲ್ಲಿಯವರೆಗೆ ಸುಮ್ನೆ ಕಾಯಿರಿ ಅನ್ನಲಾದೀತೇ? ವಾಸಿಯಾಗದ ಕಾಯಿಲೆ ಅಂತ ಗೊತ್ತಿದ್ದೂ ಪದೇ ಪದೇ ಹೊಸ ಅರ್ಜಿ ಕೇಳುವುದು ಕ್ರೂರ. ಮಗು ತೀರಿಕೊಂಡ ಮರುದಿನವೇ ಎಲ್ಲ ಬೆಂಬಲ ನಿಲ್ಲುವುದೂ ಅಷ್ಟೇ ಕ್ರೂರ.

ಇನ್ನೊಂದು ಮಾತು. ಮನೆಗೆ ಹೋಗುವ ನರ್ಸ್‌ಗೆ ಆಸ್ಪತ್ರೆಯ ನರ್ಸ್‌ಗಿಂತ ಕಡಿಮೆ ಸಂಬಳ ಕೊಟ್ಟರೆ ಯಾರು ಬರುತ್ತಾರೆ? ನರ್ಸ್ ಸೇವೆಯ ಗಂಟೆಗಳು ಕಾಗದದ ಮೇಲೆ ಮಂಜೂರಾಗುತ್ತವೆ, ಬಾಗಿಲಿಗೆ ಯಾರೂ ಬರುವುದಿಲ್ಲ. ಅದಕ್ಕೇ ನಾನು ಕೇಳುವುದು: ಮಂಜೂರಾದ ಗಂಟೆಗಳೆಷ್ಟು, ನಿಜವಾಗಿ ನರ್ಸ್ ಬಂದ ಗಂಟೆಗಳೆಷ್ಟು, ಎರಡನ್ನೂ ಸರ್ಕಾರ ಪ್ರತಿ ವರ್ಷ ಪ್ರಕಟಿಸಲಿ.