ಸೋಮವಾರಪೇಟೆ: ತಾಲ್ಲೂಕು ಕೇಂದ್ರವೇ ಕಿರಿದಾದ ಕಥೆ

(ಪರದೆಯ ಮೇಲೆ: 7,218 – 6,729)

ನಮಸ್ಕಾರ. ಮೊದಲನೆಯದು 2001ರ ಜನಗಣತಿಯಲ್ಲಿ ಕೊಡಗಿನ ಸೋಮವಾರಪೇಟೆ ಪಟ್ಟಣದ ಜನಸಂಖ್ಯೆ. ಎರಡನೆಯದು 2011ರದ್ದು. ಅದೇ ಹತ್ತು ವರ್ಷದಲ್ಲಿ ರಾಜ್ಯದ ಜನಸಂಖ್ಯೆ ಶೇ 15.6ರಷ್ಟು ಏರಿತ್ತು. ಇಲ್ಲಿ ಮಾತ್ರ ಸುಮಾರು ಐನೂರು ಜನ ಕಮ್ಮಿ. ಹಾಗಾದರೆ ಊರು ಸೊರಗಿತಾ? ಸೋಮವಾರದ ಸಂತೆಗೆ ಬಂದವರು ಖಂಡಿತ ಹಾಗನ್ನಲ್ಲ.

(ದೃಶ್ಯ: ಸಂತೆಗೆ ಬರುವ ಜೀಪುಗಳು)

ಶಾಂತಳ್ಳಿ, ಐಗೂರು, ಅಬ್ಬೂರುಕಟ್ಟೆ ಕಡೆಯ ಜೀಪು, ಆಟೋಗಳೆಲ್ಲ ಇವತ್ತು ಇತ್ತಲೇ. ಒಣಮೀನಿನ ರಾಶಿ, ತೋಟದ ಕೆಲಸದ ಕತ್ತಿ, ಮಳೆಗಾಲಕ್ಕೆ ಪ್ಲಾಸ್ಟಿಕ್ ಹೊದಿಕೆ, ವಾರಕ್ಕಾಗುವಷ್ಟು ತರಕಾರಿ. ಕಾಫಿ ತೋಟಗಳಲ್ಲಿ ವಾರದ ಬಟವಾಡೆ ಕೊಡುವುದೂ ಸಂತೆಯ ಲೆಕ್ಕ ನೋಡಿಕೊಂಡೇ. ಲೈನ್ ಮನೆ, ಅಂದರೆ ತೋಟದೊಳಗಿನ ಸಾಲುಮನೆಗಳಲ್ಲಿರುವ ಕಾರ್ಮಿಕರಿಗೆ ಸಂತೆಯ ದಿನವೇ ರಜೆ, ಅದೇ ನೆಂಟರಿಷ್ಟರನ್ನು ಕಾಣುವ ದಿನ. ಕೊಡಗಿನ ಪೇಟೆಗಳನ್ನು ಬೆಳೆಸಿದ್ದು ಕಚೇರಿಗಳಿಗಿಂತ ಹೆಚ್ಚಾಗಿ ಈ ಸಂತೆಗಳೇ ಎಂಬುದು ನನ್ನ ಗಟ್ಟಿ ನಂಬಿಕೆ.

(ದೃಶ್ಯ: ಗದ್ದೆ, ಅದರ ಮೇಲಿನ ಏರಿನಲ್ಲಿ ಕಾಫಿ ತೋಟ)

ಈಗ ಸ್ವಲ್ಪ ಹಿಂದಕ್ಕೆ ಹೋಗೋಣ. ಕೊಡಗನ್ನು ಆಳಿದ ಹಾಲೇರಿ ಅರಸರ ಕಾಲದಲ್ಲಿ ಉತ್ತರ ಕೊಡಗಿನ ಈ ಭಾಗಕ್ಕೆ ಏಳುಸಾವಿರ ಸೀಮೆ ಎನ್ನುತ್ತಿದ್ದರು. ಕನ್ನಡ ಮಾತಾಡುವ ಒಕ್ಕಲುಗಳು, ತಗ್ಗಿನಲ್ಲಿ ಭತ್ತದ ಗದ್ದೆ, ಘಟ್ಟದ ಕಾಡಿನಲ್ಲಿ ಏಲಕ್ಕಿ. 1834ರಲ್ಲಿ ಬ್ರಿಟಿಷರು ಆ ವಂಶದ ಕೊನೆಯ ಅರಸ ಚಿಕ್ಕವೀರರಾಜೇಂದ್ರನನ್ನು ಪದಚ್ಯುತಗೊಳಿಸಿದರು. 1854ರಲ್ಲಿ ಫೌಲರ್ ಎಂಬಾತ ಮಡಿಕೇರಿ ಬಳಿ ಕೊಡಗಿನ ಮೊದಲ ಯುರೋಪಿಯನ್ ಕಾಫಿ ತೋಟ ಮಾಡಿದ. ಅಲ್ಲಿಂದ ಮುಂದೆ ಇಡೀ ನಾಡಿನ ಬದುಕೇ ಬದಲಾಯಿತು. ಎತ್ತರದ, ತಂಪಿನ ಈ ಕಡೆಗೆ ಅರೇಬಿಕಾ ಜಾತಿಯ ಕಾಫಿ ಒಗ್ಗಿತು. ಏಲಕ್ಕಿಗೆ ಕಟ್ಟೆ ಎಂಬ ವೈರಸ್ ರೋಗ ಬಿದ್ದು ಏಲಕ್ಕಿ ಮಲೆಗಳು ಹಾಳಾದಾಗ ಕಾಫಿಯೇ ಆಸರೆ.

ಅರೇಬಿಕಾ ಬೆಳೆಯುವುದು ಬಲು ನಾಜೂಕಿನ ಕೆಲಸ. ಬಿಳಿ ಕಾಂಡಕೊರಕ ಎಂಬ ಕೀಟ ಬಿಸಿಲು ಬೀಳುವ ಗಿಡದ ತೊಗಟೆಯ ಬಿರುಕಿನಲ್ಲಿ ಮೊಟ್ಟೆಯಿಡುತ್ತದೆ. ಹುಳು ಒಳಗೆ ಕೊರೆದ ಕಡೆ ಕಾಂಡದ ಮೇಲೆ ಉಂಗುರದಂತೆ ಏಣು ಏಳುತ್ತದೆ. ಅದನ್ನು ಗುರುತು ಹಿಡಿದು ಗಿಡವನ್ನೇ ಕಿತ್ತು ಸುಡಬೇಕು. ಯಂತ್ರದ ಕೈಗೆ ಒಪ್ಪಿಸಿ ಕೂರುವ ಕೆಲಸವಲ್ಲ, ಗಿಡ ಗಿಡದ ಮುಂದೆಯೂ ಆಳು ನಿಲ್ಲಬೇಕು. ಆ ಆಳುಗಳು ಹಿಂದೆ ಮಲಬಾರ್, ತಮಿಳುನಾಡು, ಮೈಸೂರು ಬಯಲುಸೀಮೆಯಿಂದ ಬಂದರು. ಈಗ ಅಸ್ಸಾಮಿನಿಂದಲೂ ಬರುತ್ತಿದ್ದಾರೆ. ಅವರ ವಾಸವೆಲ್ಲ ತೋಟದಲ್ಲಿ, ವ್ಯಾಪಾರ ಪೇಟೆಯಲ್ಲಿ.

(ಪರದೆಯ ಮೇಲೆ: ಪಟ್ಟಣದ ಎಲ್ಲೆ)

ಗಣತಿಯ ಗುಟ್ಟು ಇಲ್ಲೇ ಇದೆ. 6,729 ಎಂಬುದು ಪಟ್ಟಣ ಪಂಚಾಯಿತಿ ಎಲ್ಲೆಯೊಳಗಿನ ತಲೆಗಳು ಮಾತ್ರ. ಪೇಟೆ ದಾಟಿ ಚೌಡ್ಲಿನಲ್ಲಿ ಮನೆ ಕಟ್ಟಿದವರು ಗ್ರಾಮದ ಲೆಕ್ಕ. ಲೈನ್ ಮನೆಯವರೂ ಅಷ್ಟೇ. ಆಗ ಇಡೀ ತಾಲ್ಲೂಕಿನಲ್ಲಿ ಇದ್ದವರು ಸುಮಾರು 2 ಲಕ್ಷ ಜನ!

ಹಾಗೆಂದು ವಲಸೆ ಸುಳ್ಳಲ್ಲ. ಓದಿದ ಮಕ್ಕಳು ಮೈಸೂರು, ಬೆಂಗಳೂರು ಸೇರುತ್ತಿದ್ದಾರೆ. ಇಡೀ ಕೊಡಗೇ ಆ ದಶಕದಲ್ಲಿ ಬೆಳೆದದ್ದು ಶೇ 1.09, ಅಂದರೆ 5,48,561ರಿಂದ 5,54,519ಕ್ಕೆ. ಆದರೆ ಆಗ ಸೋಮವಾರಪೇಟೆ ತಾಲ್ಲೂಕಿನಲ್ಲೇ ಇದ್ದ ಕುಶಾಲನಗರ ಮೈಸೂರು–ಮಡಿಕೇರಿ ಹೆದ್ದಾರಿಯಲ್ಲಿದೆ, ಸುತ್ತ ಸಮತಟ್ಟು ಜಾಗ, ಕಾಫಿ ಸಂಸ್ಕರಣಾ ಘಟಕಗಳು. 2011ಕ್ಕೇ ಅಲ್ಲಿ 15,326 ಜನ. ಆಮೇಲೆ ಅದೇ ಪ್ರತ್ಯೇಕ ತಾಲ್ಲೂಕಾಯಿತು.

ಮುಂದಿನ ಜನಗಣತಿಗೆ 2027ರ ಮಾರ್ಚ್ 1 ಆಧಾರ ದಿನ. ಇಲ್ಲಿ ಅರೇಬಿಕಾ ಕೊಯ್ಲು ಅಷ್ಟು ಹೊತ್ತಿಗೆ ಮುಗಿದಿರುತ್ತದೆ. ಕೊಯ್ಲಿಗೆಂದೇ ಬಂದವರಲ್ಲಿ ಹಲವರು ಗಂಟುಮೂಟೆ ಕಟ್ಟಿರುತ್ತಾರೆ. ಅಂಕಿ ಹೊರಬಂದಾಗ ಪಟ್ಟಣದ ಸಾಲೊಂದನ್ನೇ ನೋಡಬೇಡಿ, ಸುತ್ತಲಿನ ಗ್ರಾಮಗಳ ಸಾಲನ್ನೂ ಜೊತೆಗಿಟ್ಟು ಓದಿ.