ಹಳೆಯ ಹೋಂಡಾ ಸಿಟಿ: ‘ವಿಟೆಕ್’ ಎಂಬ ಹೆಸರಿಗೆ ಎಷ್ಟು ಬೆಲೆ?

ನಮಸ್ಕಾರ. 2003ರ ಕೊನೆಯಲ್ಲಿ ಭಾರತಕ್ಕೆ ಬಂದು 2008ರವರೆಗೆ ಮಾರಾಟವಾದ ಎರಡನೇ ತಲೆಮಾರಿನ ಹೋಂಡಾ ಸಿಟಿಯನ್ನು ಸೆಕೆಂಡ್ ಹ್ಯಾಂಡ್‌ನಲ್ಲಿ ಕೊಳ್ಳಲು ಹೊರಟರೆ, ‘ಇದು ವಿಟೆಕ್ ಸಾರ್’ ಎಂಬ ಮಾತು ಬೆಲೆಗಿಂತ ಮೊದಲೇ ಕಿವಿಗೆ ಬೀಳುತ್ತದೆ. ಎಂಜಿನ್ನಿಗೆ ಗಾಳಿ ಬಿಡುವ, ಹೊಗೆ ಹೊರಹಾಕುವ ವಾಲ್ವ್‌ಗಳು ತೆರೆಯುವ ರೀತಿಯನ್ನು ವೇಗಕ್ಕೆ ತಕ್ಕಂತೆ ಬದಲಿಸುವ ಹೋಂಡಾದ ತಂತ್ರವೇ ವಿಟೆಕ್. ಸಂಸಾರವಂದಿಗರ ಕಾರಾಗಿ ನೋಡುವುದಾದರೆ, ಆ ಹೆಸರಿಗಾಗಿ ಹೆಚ್ಚು ಹಣ ತೆರಬೇಕಾಗಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ.

ಈ ಕಾರಿಗೆ ಸಿಗುತ್ತಿದ್ದ ಎರಡೂ ಪೆಟ್ರೋಲ್ ಎಂಜಿನ್‌ಗಳ ಗಾತ್ರ ಒಂದೇ, 1,497 ಸಿಸಿ. ಇಎಕ್ಸ್‌ಐ ಮತ್ತು ಜಿಎಕ್ಸ್‌ಐ ಮಾದರಿಗಳಲ್ಲಿದ್ದ 8 ವಾಲ್ವ್‌ಗಳ, ಜೋಡಿ ಸ್ಪಾರ್ಕ್ ಪ್ಲಗ್‌ನ ಐ-ಡಿಎಸ್‌ಐ ಎಂಜಿನ್ನಿನದು ಸುಮಾರು 77 ಅಶ್ವಶಕ್ತಿ. ಆಮೇಲೆ ಸೇರ್ಪಡೆಯಾದ 16 ವಾಲ್ವ್‌ಗಳ ವಿಟೆಕ್‌ನದು ಸುಮಾರು 100. ಹಿಂದಿನ ತಲೆಮಾರಿನ ಸಿಟಿ ವಿಟೆಕ್ 106 ಅಶ್ವಶಕ್ತಿಯಿಂದ ಹೆಸರು ಮಾಡಿತ್ತಾದ್ದರಿಂದ, 77 ಎಂಬ ಅಂಕಿಯನ್ನು ಕಂಡ ವೇಗಪ್ರಿಯರು ಮೂಗು ಮುರಿದದ್ದು ಸಹಜವೇ ಆಗಿತ್ತು.

ಆದರೆ ಐ-ಡಿಎಸ್‌ಐ ತನ್ನ ಗರಿಷ್ಠ ಟಾರ್ಕ್, ಅಂದರೆ ಕಾರನ್ನು ಎಳೆಯುವ ತಿರುಚು ಬಲ, ಕೊಡುವುದು ಕೇವಲ 2,700 ಆರ್‌ಪಿಎಂನಲ್ಲಿ (ನಿಮಿಷಕ್ಕೆ ಎಂಜಿನ್ ಸುತ್ತುವ ಸುತ್ತುಗಳು). ಪ್ರತಿ ಸಿಲಿಂಡರಿಗೆ ಎರಡು ಸ್ಪಾರ್ಕ್ ಪ್ಲಗ್‌ಗಳಿದ್ದು, ಎಂಜಿನ್ ವೇಗಕ್ಕೂ ಹೊರೆಗೂ ತಕ್ಕಂತೆ ಅವು ಒಂದರ ಹಿಂದೊಂದು ಕಿಡಿ ಹೊತ್ತಿಸುವುದರಿಂದ ಇಂಧನ ಬೇಗನೆ, ಪೂರ್ತಿಯಾಗಿ ಉರಿಯುತ್ತದೆ. ಬೆಳಿಗ್ಗೆ ಸಿಲ್ಕ್ ಬೋರ್ಡ್ ಜಂಕ್ಷನ್‌ನಲ್ಲಿ ಮೊದಲ ಮತ್ತು ಎರಡನೇ ಗೇರಿನ ನಡುವೆಯೇ ದಿನ ದೂಡುವವರಿಗೆ ಬೇಕಾದದ್ದು ಕಡಿಮೆ ವೇಗದಲ್ಲೇ ಸಿಗುವ ಈ ಎಳೆತವೇ. ಶಿರಾಡಿ ಘಾಟಿಯ ಏರಿನಲ್ಲಿ, ಕಾರು ತುಂಬ ಜನರಿದ್ದು ಡಿಕ್ಕಿಯೂ ಭರ್ತಿಯಾಗಿರುವಾಗ ಲಾರಿಯೊಂದನ್ನು ಹಿಂದಿಕ್ಕಬೇಕಾದರೆ ಮಾತ್ರ ವಿಟೆಕ್‌ನ ಮೇಲುಗೈ ನಿಜವಾಗಿ ತಿಳಿಯುತ್ತದೆ. ವಾರವಾರ ಘಾಟಿ ಹತ್ತಿಳಿಯುವವರು ಅದನ್ನೇ ಕೊಳ್ಳಲಿ, ನನ್ನ ತಕರಾರಿಲ್ಲ. ಆಟೊಮ್ಯಾಟಿಕ್ ಬೇಕೆನ್ನುವವರಿಗಂತೂ ಆಯ್ಕೆಯೇ ಇಲ್ಲ. ತಾನಾಗಿಯೇ ಗೇರ್ ಅನುಪಾತ ಬದಲಿಸಿಕೊಳ್ಳುವ ಸಿವಿಟಿ ಗೇರ್‌ಬಾಕ್ಸ್ ದೊರೆಯುತ್ತಿದ್ದದ್ದು ಐ-ಡಿಎಸ್‌ಐ ಜೊತೆಗೆ ಮಾತ್ರ. ಅಂಥ ಕಾರು ನಿಂತಲ್ಲಿಂದ ಹೊರಡುವಾಗ ನಡುಗಿದರೆ ಹೊರಡುವಾಗ ಎಂಜಿನ್ನಿನ ಶಕ್ತಿಯನ್ನು ಚಕ್ರಗಳಿಗೆ ಜೋಡಿಸುವ ಅದರ ಸ್ಟಾರ್ಟ್ ಕ್ಲಚ್ ಬಗ್ಗೆ ವಿಚಾರಿಸದೆ ಮುಂಗಡ ಕೊಡಬೇಡಿ.

ನಾನು ಮೆಚ್ಚುವ ಐ-ಡಿಎಸ್‌ಐಗೂ ಒಂದು ಕಿರಿಕಿರಿ ಅಂಟಿಕೊಂಡಿದೆ. ಅದರ ಎಂಟು ಪ್ಲಗ್‌ಗಳಲ್ಲಿ ನಾಲ್ಕು ಮುಂಭಾಗದಲ್ಲಿ ಕೈಗೆ ಸುಲಭವಾಗಿ ಸಿಗುತ್ತವೆ. ಉಳಿದ ನಾಲ್ಕು ಎಂಜಿನ್ನಿನ ಹಿಂದೆ, ಗಾಳಿತಡೆ ಗಾಜಿನ ಬುಡಕ್ಕೆ ಆತುಕೊಂಡಂತೆ ಕುಳಿತಿವೆ. ಅವಸರದ ಮೆಕ್ಯಾನಿಕ್ ಮುಂದಿನ ನಾಲ್ಕನ್ನು ಬದಲಿಸಿ ಬಾನೆಟ್ ಮುಚ್ಚಿಬಿಡುವ ಸಾಧ್ಯತೆ ಇದ್ದೇ ಇದೆ. ಹಿಂದಿನ ಪ್ಲಗ್ ಅಥವಾ ಅದಕ್ಕೆ ಕಿಡಿಯ ವಿದ್ಯುತ್ ಒದಗಿಸುವ ಇಗ್ನಿಷನ್ ಕಾಯಿಲ್ ಸೋತಿದ್ದರೆ ಕಾರು ಕೆಟ್ಟು ನಿಲ್ಲುವುದಿಲ್ಲ, ವೇಗ ಹೆಚ್ಚಿಸುವಾಗ ಸಣ್ಣಗೆ ಎಳೆದಾಡುತ್ತದೆ. ಕೊಳ್ಳುವವರು ಅದನ್ನೇ ‘ಈ ಎಂಜಿನ್ನಿಗೆ ಶಕ್ತಿ ಸಾಲದು’ ಎಂದು ತಿಳಿದುಬಿಡುತ್ತಾರೆ. ಆದ್ದರಿಂದ ಚೌಕಾಶಿಗೆ ಕೂರುವ ಮೊದಲು, ಹಿಂದಿನ ಆ ನಾಲ್ಕು ಪ್ಲಗ್‌ಗಳನ್ನು ಬಿಚ್ಚಿಸಿ ನೋಡಿ.