ಮೀಟರ್ ಕವರಿಗೆ ಒಣ ಬಟ್ಟೆ ಬೇಡ

ಕೇಳುಗರೆಲ್ಲರಿಗೂ ನಮಸ್ಕಾರ. ಹೊಸಪೇಟೆ, ಸಂಡೂರು, ಬಳ್ಳಾರಿ ಕಡೆ ಕಾರು ಓಡಿಸುವವರು, ಅದರಲ್ಲೂ ಹಂಪಿಗೆ ಜನರನ್ನು ಕರೆದೊಯ್ಯುವ ಟ್ಯಾಕ್ಸಿ ಅಣ್ಣಂದಿರು, ಐದು ನಿಮಿಷ ಕಿವಿ ಕೊಡಿ. ನಾನು ಹೇಳುವುದು ಒಂದೇ ಮಾತು. ಸ್ಪೀಡೋಮೀಟರಿನ ಮೇಲಿರುವ ಕವರನ್ನು ಒಣ ಬಟ್ಟೆಯಲ್ಲಿ ಒರೆಸಬೇಡಿ. ನೀರು ಮೊದಲು, ಒರೆಸುವುದು ಆಮೇಲೆ.

ಅದು ನೋಡುವುದಕ್ಕೆ ಗಾಜು, ಆದರೆ ಗಾಜಲ್ಲ. ಅಕ್ರಿಲಿಕ್ ಇಲ್ಲವೇ ಪಾಲಿಕಾರ್ಬೊನೇಟ್ ಅನ್ನುವ ಪ್ಲಾಸ್ಟಿಕ್. ಗಾಜಿಗಿಂತ ತುಂಬಾ ಮೆತ್ತಗೆ. ನಮ್ಮ ಧೂಳಿನಲ್ಲಿ ಏನಿದೆ? ಮರಳು ಇದೆ, ಅದಿರಿನ ಪುಡಿ ಇದೆ. ಎರಡೂ ಆ ಪ್ಲಾಸ್ಟಿಕ್ಕಿಗಿಂತ ಗಟ್ಟಿ. ಆ ಧೂಳಿನ ಮೇಲೆ ಬಟ್ಟೆ ಎಳೆದರೆ ಗೀರು ಬೀಳದೆ ಇನ್ನೇನಾಗುತ್ತದೆ ಹೇಳಿ?

ಒಬ್ಬ ಟ್ಯಾಕ್ಸಿ ಡ್ರೈವರ್ ನಮ್ಮ ಗ್ಯಾರೇಜಿಗೆ ಬಂದಿದ್ದ. "ಅಣ್ಣಾ, ಸಂಜೆ ಬಿಸಿಲು ಎದುರಿಗೆ ಬಂದ್ರೆ ಮೀಟರ್ ಮುಳ್ಳೇ ಕಾಣಲ್ಲ, ಹೊಸಾ ಮೀಟರ್ ಹಾಕ್ಬಿಡಿ" ಅಂದ. ಕಾರು ನೋಡಿದರೆ ಲಕಲಕ ಅನ್ನುತ್ತಿತ್ತು. ದಿನಾ ಬೆಳಿಗ್ಗೆ ತಾನೇ ಒರೆಸುತ್ತಾನಂತೆ. "ಹೇಗೆ ಒರೆಸ್ತೀಯಪ್ಪಾ, ತೋರಿಸು" ಅಂದೆ. ಬಾಗಿಲಿನ ಪಾಕೆಟ್ಟಿನಿಂದ ಹಳದಿ ಬಟ್ಟೆ ತೆಗೆದ. ಬಾನೆಟ್ ಒರೆಸುವುದೂ ಅದೇ, ಮೀಟರ್ ಒರೆಸುವುದೂ ಅದೇ. ಎರಡು ಸಲ ಕೊಡವಿದ, ಗರಗರ ತಿಕ್ಕಿದ. ನಾನು ಆ ಬಟ್ಟೆ ತೊಗೊಂಡು ಒಂದು ಬಿಳಿ ಬಿಲ್ ಹಾಳೆಯ ಮೇಲೆ ಒತ್ತಿ ಎಳೆದೆ. ಹಾಳೆಯ ಮೇಲೆ ಕೆಂಪು ಗೆರೆ! ಕೂದಲಿನಷ್ಟು ಸಣ್ಣ ಗೆರೆ, ಒಂದರ ಪಕ್ಕ ಒಂದು. ಆಮೇಲೆ ಟಾರ್ಚನ್ನು ಓರೆಯಾಗಿ ಹಿಡಿದು ಮೀಟರ್ ಕವರ್ ತೋರಿಸಿದೆ. ಅಲ್ಲೂ ಅವೇ ಗೆರೆಗಳು. ಅವನಿಗೆ ಮಾತೇ ಹೊರಡಲಿಲ್ಲ.

ಕವರ್ ಬಿಚ್ಚಿ ನಲ್ಲಿ ಕೆಳಗೆ ಹಿಡಿದೆವು. ಒಂದು ಹನಿ ಶಾಂಪೂ ಹಾಕಿ ಬೆರಳಲ್ಲೇ ತೊಳೆದೆವು. ಉಗುರಿಗೆ ಸಿಗುವಷ್ಟು ಆಳದ ಗೀರು ಕೆಲವಿದ್ದವು. ಅಂಥವಕ್ಕೆ ಪೇಂಟರ್‌ಗಳು ಬಳಸುವ ವಾಟರ್ ಪೇಪರ್, ಅಂದರೆ ನೀರು ಹಾಕಿ ಉಜ್ಜುವ ಮರಳು ಕಾಗದ ಬೇಕು. ಮೊದಲು 2000 ನಂಬರು, ಆಮೇಲೆ ಇನ್ನೂ ನಯವಾದ 3000. ನೀರು ಬಿಡುತ್ತಾ, ಹಗುರವಾಗಿ. ಆಗ ಕವರೆಲ್ಲ ಮಂಜು ಕವಿದ ಹಾಗೆ ಬೆಳ್ಳಗಾಗುತ್ತದೆ. "ಅಯ್ಯೋ, ಪೂರ್ತಿ ಹಾಳಾಯ್ತಲ್ಲಣ್ಣಾ!" ಅಂತ ಅವನು ತಲೆ ಮೇಲೆ ಕೈ ಹೊತ್ತ. ಸುಮ್ನಿರಪ್ಪಾ ಅಂದು, ಪ್ಲಾಸ್ಟಿಕ್ ಪಾಲಿಶ್ ಹಾಕಿ ಮೆತ್ತನೆ ಮೈಕ್ರೋಫೈಬರ್ ಬಟ್ಟೆಯಲ್ಲಿ ಸಣ್ಣ ಸಣ್ಣ ಸುತ್ತು ತಿಕ್ಕುತ್ತಾ ಹೋದೆ. ಒಂದು ಮೂಲೆ ತಿಳಿಯಾಯಿತು. ಅದರಲ್ಲಿ 80 ಅನ್ನುವ ಅಂಕಿ ಕಾಣಿಸಿತು, ಆಮೇಲೆ 100, 120. ಹೊಸ ಮೀಟರಿನ ಖರ್ಚು ಉಳಿಯಿತು. ಈ ಕೆಲಸ ನನಗೆ ಎಷ್ಟು ಸಲ ಮಾಡಿದರೂ ಖುಷಿಯೇ.

ಟೈಮ್ ಕಮ್ಮಿ ಇದೆ, ಉಳಿದದ್ದು ಬೇಗ ಹೇಳಿಬಿಡುತ್ತೇನೆ. ಉಗುರಿಗೆ ಸಿಗದ ಗೀರಿಗೆ ವಾಟರ್ ಪೇಪರ್ ಬೇಡ, ಪಾಲಿಶ್ ಒಂದೇ ಸಾಕು. ಸ್ಟಿಕ್ಕರ್ ಅಂಟು ಉಳಿದಿದ್ದರೆ ಕೊಬ್ಬರಿ ಎಣ್ಣೆ ಹಚ್ಚಿ ಸ್ವಲ್ಪ ಹೊತ್ತು ಬಿಡಿ, ಆಮೇಲೆ ಸೋಪಿನ ನೀರು. ಪೆಟ್ರೋಲು, ಥಿನ್ನರು ಮಾತ್ರ ದಯವಿಟ್ಟು ಬೇಡ. ಎಷ್ಟು ಸಲ ಹೇಳಿದರೂ ಯಾರೋ ಒಬ್ಬರು ಹಾಕಿಯೇ ಹಾಕುತ್ತಾರೆ. ಅದು ಪ್ಲಾಸ್ಟಿಕ್ಕಿನಲ್ಲಿ ಕೂದಲೆಳೆಯಂಥ ಬಿರುಕು ಎಬ್ಬಿಸುತ್ತದೆ. ಅಮೋನಿಯಾ ಇರುವ ಗ್ಲಾಸ್ ಕ್ಲೀನರೂ ಬೇಡ.

ದಿನಾ ಮಾಡಬೇಕಾದ್ದು ಇಷ್ಟೇ. ಮೀಟರಿಗೆ ಅಂತಲೇ ಒಂದು ಒಗೆದ ಬಟ್ಟೆ ಬೇರೆ ಇಡಿ. ನೀರಲ್ಲಿ ಅದ್ದಿ, ಹನಿ ಬೀಳದ ಹಾಗೆ ಹಿಂಡಿ. ನೇರವಾಗಿ ಸ್ಪ್ರೇ ಹೊಡೆದರೆ ಟ್ರಿಪ್ ಕಿಲೋಮೀಟರನ್ನು ಸೊನ್ನೆ ಮಾಡುವ ಗುಂಡಿಯ ಸಂದಿಯಿಂದ ನೀರು ಒಳಗೆ ಇಳಿಯುತ್ತದೆ. ಒದ್ದೆ ಬಟ್ಟೆಯನ್ನು ಕವರ್ ಮೇಲೆ ಒತ್ತಿ, ಎತ್ತಿ. ಧೂಳು ಬಟ್ಟೆಗೆ ಬರುತ್ತದೆ. ಆಮೇಲೆ ಬಟ್ಟೆಯ ಇನ್ನೊಂದು ಮಗ್ಗುಲಲ್ಲಿ ಮೆಲ್ಲಗೆ ಒರೆಸಿ. ಒಣ ಬಟ್ಟೆಯಲ್ಲಿ ತಿಕ್ಕಿದರೆ ಪ್ಲಾಸ್ಟಿಕ್ಕಿನಲ್ಲಿ ಸ್ಟ್ಯಾಟಿಕ್ ಕರೆಂಟು ಹುಟ್ಟಿ ಧೂಳು ಇನ್ನೂ ಜಾಸ್ತಿ ಅಂಟುತ್ತದೆ. ಅದಕ್ಕೇ ಮತ್ತೆ ಹೇಳುತ್ತೇನೆ, ನೀರು ಮೊದಲು.

ಬಿರುಕು ಬಿಟ್ಟ ಕವರ್ ಮಾತ್ರ ಯಾವ ಪಾಲಿಶ್‌ಗೂ ಸರಿಹೋಗಲ್ಲ, ಬದಲಾಯಿಸಬೇಕು. ಪೂರ್ತಿ ಮೀಟರ್ ಕೊಳ್ಳುವ ಮೊದಲು ಅಂಗಡಿಯಲ್ಲಿ ಬರೀ ಕವರ್ ಸಿಗುತ್ತದಾ ಅಂತ ಕೇಳಿ. ಎಷ್ಟೋ ಕಾರುಗಳಿಗೆ ಸಿಗುತ್ತದೆ. ನಮಸ್ಕಾರ.